ಳ

ಮೂವತ್ತೊಂದು ವರ್ಷ ದನದ ದವಾಖಾನಿಯೊಳಗ ಕಂಪೌಂಡರ್ ನಾನು.
ಹಿಡಿದ ನಾಲಗಿ ಎಷ್ಟಂತ ಲೆಕ್ಕ ಇಟ್ಟಿಲ್ಲ.
ಎಮ್ಮಿದು ಒರಟು, ತೊಯ್ದ ಗೋಣಿಚೀಲದಂಗ.
ಗೊಟ್ಟದಿಂದ ಔಷಧ ಹಾಕಾಕ ಒಂದು ಕಡೆ ಎಳದು ಹಿಡದರ
ಹೆಬ್ಬೆರಳ ಸಂದಿಯಿಂದ ಮೀನಿನಂಗ ಜಾರಿ
ತಿರಗಿ ತನ್ನ ಗವಿಯೊಳಗ.
ಕಣ್ಣಿಲ್ಲ ಅದಕ, ಎಲುಬಿಲ್ಲ,
ದವಡಿ ಹಲ್ಲಿನ ಗಾಣದಾಗ
ಹಗಲೆಲ್ಲ ಮೇವು ನೂಕಿ, ರಾತ್ರಿಯೆಲ್ಲ ಮೆಲುಕು ಹೊರಳಿಸಿ
ತಾನು ಮಾತ್ರ ಸಿಕ್ಕಿಬೀಳೂದಿಲ್ಲ.
ಈಗ ಸರಿ, ಈಗ ಹೊರಳು,
ಕತ್ತಲಿಯೊಳಗ ಯಾರು ಹೇಳ್ತಾರ ಅದಕ?

ಶಿರಗುಪ್ಪಿ ಡಾಕ್ಟರಮ್ಮ ಒಮ್ಮೆ ಸತ್ತ ಹೋರಿಯ ಬುರುಡಿ ಬಿಡಿಸಿ
ಮಿದುಳಿನ ಬುಡಕ್ಕ ಕತ್ತರಿ ತುದಿ ಇಟ್ಟು
"ಇಲ್ಲಿಂದ ಹೊರಡ್ತೈತಿ ನೋಡ್ರಿ ನಾಲಗಿ ನರ.
ನಾಯಿಗೂ ಇಲ್ಲೇ, ಬಾವಲಿಗೂ ಇಲ್ಲೇ, ನಮಗೂ" ಅಂದಿದ್ದರು.
ಬಿಳಿ ದಾರ, ಕೌದಿ ಹೊಲಿಯೂವಂಥಾದ್ದು.
ನಾಯಿ ನೀರು ನೆಕ್ಕೂ ತಾಳ, ಕರು ಮಲಿ ಚೀಪೂ ತಾಳ
ಈ ಕೆಳಗಿನ ಮನ್ಯಾಗ ತಾವೇ ನಡೀತಾವಂತ.
ಮಾತಿಗೆ ಮಾತ್ರ ಮಾಳಗಿ ಮ್ಯಾಲಿಂದ ಚೀಟಿ ಬರಬೇಕು.

ಗೌಸುಸಾಬ ತಾಂಬೋಳಿಗೆ ಆ ಚೀಟಿ ಬರೂದು ನಿಂತಾಗ
ಮಹಾಲಿಂಗಪುರದ ಪ್ಯಾಟ್ಯಾಗ ಬೆಲ್ಲದ ಸವಾಲು ಅರ್ಧಕ್ಕ ನಿಂತಿತ್ತು.
ಮೂರು ಸಾವಿರದ ಏಳ,
ಅಷ್ಟೇ. ಏಳನೂರು ಪೂರಾ ಆಗಲಿಲ್ಲ.
ಪೆಂಟಿಯ ಮೂಲಿ ಮುರಿದು ಬಾಯಾಗ ಇಟ್ಟು ಕಣ್ಣು ಮುಚ್ಚಿದರ
ಸುಣ್ಣ ಎಷ್ಟು, ಸೌಳು ನೀರಿನ ಕಬ್ಬೋ, ಹೊಳಿ ದಂಡಿದೋ,
ಎಲ್ಲಾ ಹೇಳತಿದ್ದ ಮನಶಾ.

ಈಗ ನಾಲಗಿ ಚಾಚು ಅಂದರ ಬಲಕ್ಕ ವಾಲತೈತಿ,
ಗಾಲಿ ಸಡಿಲಾದ ಚಕ್ಕಡಿ.
ಪಾನಿ ಅಂತಾನ, ಮಾಬೂಬಿ ಅಂತಾನ,
ತುಟಿ ಮಾತು ತಿರಗಿ ಬಂದಾವ.
ಳ ಇಲ್ಲ.
ಅವರ ಮನಿ ಮಾತಿನೊಳಗ ಮದಲಿಂದನೂ ಇರಲಿಲ್ಲ ಅದು,
ಏಳು ವರ್ಷದ ಹುಡುಗ ತೂಕದ ಕಟ್ಟಿ ಮ್ಯಾಲ ಕುಂತು
ಹಮಾಲರ ಬಾಯಿ ನೋಡಿ ಕಲಿತದ್ದು.
ಕಡೀಕ ಬಂದದ್ದು ಮದಲ ಹೋತು.
ತನ್ನ ಅಡ್ಡಹೆಸರು ತಾಂಬೋಲಿ ಅಂತಾನ,
ಅಂದು, ಗ್ವಾಡಿ ಕಡೆ ಹೊರಳತಾನ.

ಮಿದುಳು ಅನ್ನಾಕೂ ನಾಲಗಿ ಮಡಚಬೇಕು.
ಅಂಗುಳ ಅನ್ನಾಕ, ಆ ಅಂಗುಳಕ್ಕನ ಮುಟ್ಟಬೇಕು.
ಯಾರು ಮಾಡಿದರೋ ಈ ಭಾಷಾ.

ನನಗೇನು ಗೊತ್ತು? ದನದ ಮಂದಿ ನಾವು.
ಹುಟ್ಟಿದ ಕರು ಮಲಿ ಹಿಡೀಲಿಲ್ಲ ಅಂದರ
ಕಿರಿಬೆರಳಿಗೆ ಬೆಲ್ಲ ಸವರಿ ಅದರ ಅಂಗುಳಕ್ಕ ತಿಕ್ಕತೀವಿ.
ನಾಲಗಿ ಮಲಗಿರತೈತಿ, ಮಲಗಿರತೈತಿ,
ಆಮ್ಯಾಲ ತುದಿ ಅಲುಗತೈತಿ, ಯಾರೋ ಬಾಗಲಾ ಬಡದಂಗ.
ತನಗೊಂದು ನಾಲಗಿ ಐತಿ ಅಂತ ಕರುವಿಗೆ ಆಗ ನೆನಪಾಗತೈತಿ.

ಮಾಬೂಬಿ ನಕ್ಕಳು. "ಕರು ಮಾಡ್ರಿ ಅವರನ್ನ, ಅದೊಂದು ಬಾಕಿ."
ಡಾಕ್ಟರರನ್ನ ಕೇಳಿಯೇ ಮಾಡಿದೆ,
ಹೊಟ್ಟಿಗಿಳಿಯೂವಷ್ಟಲ್ಲ, ಉಗುರಿನ ಅಂಚಿಗೆ ಹತ್ತಿದಷ್ಟು.
ಮುಂದಿನ ಹಲ್ಲ ದಾಟಿ, ದಿಬ್ಬ ದಾಟಿ, ಇಳಿಜಾರು ಶುರುವಾಗೂ ಜಾಗ,
ಅಲ್ಲಿ ಸವರಿ ಕೈ ತೆಗೆದೆ.
ಒಂಬತ್ತು ದಿನ ಏನಿಲ್ಲ.
ಬಾಯಾಗ ಕುರುಡ ಬೆಕ್ಕಿನಮರಿಯೊಂದು ಮಗ್ಗಲಾ ಹೊರಳಿಸಿದಂಗ,
ಅಷ್ಟ.

ಹತ್ತನೇ ದಿನ ಅವನ ಹುಬ್ಬು ಕೂಡಿದುವು.
ಪ್ಯಾಟ್ಯಾಗಿನ ಹಳೇ ಸಿಡುಕು, ನನಗ ಗುರ್ತು ಸಿಕ್ಕಿತು.
ಗದ್ದ ನಡುಗಿತು. ನಾಲಗಿ ಹತ್ತಿತು, ಜಾರಿತು, ಮತ್ತ ಹತ್ತಿತು.
"ಹ" ಅಂದ.
ಮಾಬೂಬಿ ಕೈಯಾನ ಸೆರಗು ಅಲ್ಲೇ ನಿಂತಿತು.
"ಹಳೇದು."

ಹೌದು ಗೌಸು, ಹ್ವಾದ ವರ್ಷದ್ದು.
ಹೊಸಾ ಬೆಲ್ಲ ತುಟ್ಟಿ ಅಂತ ಡಬ್ಬಿ ತಳದ್ದು ಕೆರಕೊಂಡು ಬಂದಿದ್ದೆ.
ತಪ್ಪಾತು.
ಇನ್ನೊಮ್ಮೆ ಬೈ.